ಪಕ್ಕದವರ ಸ್ವರ

ನಾನು ಬಲಗೈ ಎತ್ತಿದೆ. ಎದುರಿಗೆ ಜಮಖಾನದ ಮೇಲೆ ಕೂತಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಬಲಗೈ ಎತ್ತಿದರು. ನಾನು ಕೈ ಇಳಿಸಿದೆ. ಅವರ ಕೈಗಳೂ ಇಳಿದು ಅವರವರ ತೊಡೆಯ ಮೇಲೆ ಬಿದ್ದವು. ಆಮೇಲೆ ಒಬ್ಬರೂ ನನ್ನ ಕಡೆ ನೋಡಲಿಲ್ಲ. ಕೆಲವರು ಕಣ್ಣು ಮುಚ್ಚಿದರು, ಕೆಲವರು ಗೋಡೆಯ ಮೇಲಿನ ದೇವರ ಪಟ ನೋಡಿದರು, ಉಳಿದವರು ತಮ್ಮದೇ ಬೆರಳು ಮಡಿಸುತ್ತ ತಾಳ ಎಣಿಸತೊಡಗಿದರು. ಹಾಡು ಶುರುವಾಯಿತು, ನಡೆಯಿತು, ಮುಗಿಯಿತು. ಅಷ್ಟು ಹೊತ್ತೂ ನಾನು ಅವರ ಮುಂದೆ ನಿಂತು ಗಾಳಿಯಲ್ಲಿ ಕೈ ಬೀಸುತ್ತಲೇ ಇದ್ದೆ. ಸೊಳ್ಳೆ ಓಡಿಸುವವಳಿಗೂ ನನಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಮುಂಬಯಿಯಲ್ಲಿ ಕ್ವಾಯರಿನ, ಅಂದರೆ ಹಾಡುವವರ ಮೇಳದ, ಎದುರು ನಿಂತು ಕೈ ಎತ್ತಿದರೆ ಅಷ್ಟೂ ಜನರ ಕಣ್ಣು ನನ್ನ ಬೆರಳ ತುದಿಗೆ ಬಂದು ನಿಲ್ಲುತ್ತಿತ್ತು. ಕೈ ಇಳಿಯುವ ಮೊದಲೇ ಅವರ ಉಸಿರು ಒಳಗೆ ಹೋಗುವುದು ನನಗೆ ಕೇಳಿಸುತ್ತಿತ್ತು. ನಾನು ಹಾಡುವವಳಲ್ಲ, ಹಾಡಿಸುವವಳು. ಅಲ್ಲಿನ ಮಾಟುಂಗಾ, ಡೊಂಬಿವಲಿಗಳಲ್ಲಿ ಕೂತು ಇದನ್ನು ಓದುವ ನಿಮ್ಮಲ್ಲಿ ಕೆಲವರಿಗೆ ನನ್ನ ಕಸುಬು ಗೊತ್ತು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಮೇಳದ ಮುಂದೆ ಒಬ್ಬರು ನಿಂತು ಯಾರು ಯಾವಾಗ ಎಷ್ಟು ಮೆಲ್ಲಗೆ, ಎಷ್ಟು ಜೋರಾಗಿ ಹಾಡಬೇಕು ಎಂದು ಕೈಯಲ್ಲೇ ಹೇಳುತ್ತಾರೆ. ಅವರನ್ನು ಕಂಡಕ್ಟರ್ ಎನ್ನುತ್ತಾರೆ. ಈ ಹೆಸರು ಕೇಳಿದ ಕೂಡಲೆ ಎಲ್ಲರೂ ಮಾಡುವ ತಮಾಷೆಯನ್ನು ನೀವೂ ಮಾಡಿ ಮುಗಿಸಿಬಿಡಿ, ನಾನು ಕಾಯುತ್ತೇನೆ.

ನಮ್ಮದು ಧಾರವಾಡದ ಕಡೆಯ ಮನೆತನ, ಆದರೆ ನಾನು ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯ ದಾದರಿನ ಚಾಳಿನಲ್ಲಿ. ಸಿಸ್ಟರುಗಳು ನಡೆಸುತ್ತಿದ್ದ ಶಾಲೆಯಲ್ಲಿ ಪಿಯಾನೊ ಕಲಿತೆ. ದೊಡ್ಡವಳಾದ ಮೇಲೆ ಮಿಸೆಸ್ ಡಿಮೆಲ್ಲೊ ಎಂಬ ಮೇಡಂ ನಡೆಸುತ್ತಿದ್ದ ಕ್ವಾಯರಿಗೆ ಸೇರಿ, ಅವರ ಸಹಾಯಕಿಯಾಗಿ ಹಾಡಿಸುವುದನ್ನೂ ಹಾಡು ಕಟ್ಟುವುದನ್ನೂ ಕಲಿತೆ. ಮೇಡಂ ಬಿಟ್ಟ ಮೇಲೆ ಆ ಜಾಗಕ್ಕೆ ನಾನೇ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನಂತೂ ಖಂಡಿತ ಅಂದುಕೊಂಡಿದ್ದೆ. ಅಷ್ಟರಲ್ಲಿ, ತೊಂಬತ್ತರ ದಶಕದ ನಡುವಿನಲ್ಲಿ, ನನ್ನ ಗಂಡ ಶ್ರೀಧರನಿಗೆ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಕೆಮಿಸ್ಟ್ ಕೆಲಸ ಸಿಕ್ಕಿತು. ಅವನು ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲಿ ಕೂತು ಸೊರಗಿದ್ದನ್ನು ನೋಡಿದ್ದ ನಾನು ಬರುವುದಿಲ್ಲ ಎನ್ನುವ ಹಾಗಿರಲಿಲ್ಲ. ಹೀಗೆ ಕಾಗದನಗರದ ಕ್ವಾರ್ಟರ್ಸಿಗೆ ಬಂದೆವು.

ಮೊದಲು ಎದುರುಗೊಂಡದ್ದು ಕಾರ್ಖಾನೆಯ ನಾತ. ಬೇಯಿಸಿದ ಕೋಸನ್ನು ಮೂರು ದಿನ ಮುಚ್ಚಿಟ್ಟರೆ ಬರುವಂಥದ್ದು. ಬಾಗಿಲು ಮುಚ್ಚಿದೆ, ಊದುಬತ್ತಿ ಹಚ್ಚಿದೆ, ಮೂಗಿಗೆ ಸೆರಗು ಹಿಡಿದು ಅಡುಗೆ ಮಾಡಿದೆ. "ಯಾವ ವಾಸನೆ?" ಎಂದು ಅಕ್ಕಪಕ್ಕದವರು ನಿಜವಾಗಿಯೂ ಆಶ್ಚರ್ಯಪಟ್ಟರು. ಒಂದು ತಿಂಗಳಾದ ಮೇಲೆ ಮುಂಬಯಿಯಿಂದ ಬಂದ ನನ್ನ ತಮ್ಮ ಮೂಗು ಮುಚ್ಚಿಕೊಂಡಾಗ ನಾನೂ "ಯಾವ ವಾಸನೆ?" ಎಂದೆ. ಊರೊಂದು ನಮ್ಮನ್ನು ಒಳಗೆ ಸೇರಿಸಿಕೊಳ್ಳುವುದು ಹೀಗೂ ಇರಬಹುದು.

ಅಲ್ಲಿ ಒಂದೂವರೆ ಕೋಣೆ, ಇಲ್ಲಿ ಹಿತ್ತಿಲಿರುವ ಮನೆ. ಅಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ನಮ್ಮ ಒಲೆ ಆರಿಸುತ್ತಿದ್ದೆವು, ಇಲ್ಲಿ ಕಾರ್ಖಾನೆಯ ಸೈರನ್ ಕೂಗಿದರೆ ಇಡೀ ಊರು ಸೈಕಲ್ ಹತ್ತುತ್ತದೆ. ನಾವು ಕುರ್ಮುರಾ ಎನ್ನುವುದು ಇಲ್ಲಿ ಮಂಡಕ್ಕಿ. ಅದಕ್ಕೆ ಒಗ್ಗರಣೆ ಹಾಕಿ ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟರೆ ಭೇಲ್‌ಪುರಿಯ ನೆನಪು ಅರ್ಧ ಕಡಿಮೆಯಾಗುತ್ತದೆ, ಪೂರ್ತಿ ಅಲ್ಲ. ನನ್ನ "ಹೌದ್ರಿ", "ಬರ್ರಿ"ಗಳನ್ನು ಕೇಳಿ ಹೆಂಗಸರು ನಗುತ್ತಿದ್ದರು. ಅವರ "ಮಾರಾಯ್ತಿ" ನನಗೆ ತಮಾಷೆಯಾಗಿತ್ತು. ಸಿಟ್ಟಿಗೂ ಮಾರಾಯ್ತಿ, ಮುದ್ದಿಗೂ ಮಾರಾಯ್ತಿ, ಹಾಲು ಉಕ್ಕಿದರೂ ಮಾರಾಯ್ತಿ. ಕನ್ನಡ ಮಾತಾಡುವ ಊರಿಗೇ ಬಂದಿದ್ದೇನಲ್ಲ, ಪರದೇಶವಲ್ಲವಲ್ಲ ಎಂದುಕೊಂಡು ಬಂದವಳಿಗೆ ಕನ್ನಡದಲ್ಲೇ ಪರದೇಶಿಯಾಗಬಹುದು ಎಂದು ಗೊತ್ತಾಯಿತು.

ಆದರೆ ನಿಜವಾದ ಕಷ್ಟ ಇದಾವುದೂ ಅಲ್ಲ. ಪಿಟೀಲು ನುಡಿಸುವವಳು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ತರಬಹುದು. ಹಾಡಿಸುವವಳು ಏನನ್ನು ತರಬೇಕು? ನನ್ನ ವಾದ್ಯ ಮುಂಬಯಿಯ ಲೋಕಲ್ ರೈಲುಗಳಲ್ಲಿ ಮೂವತ್ತು ನಲವತ್ತು ಜನರಾಗಿ ಓಡಾಡಿಕೊಂಡಿತ್ತು. ಕೈ ಜಡ್ಡುಗಟ್ಟಬಾರದೆಂದು ಶ್ರೀಧರ ಕೆಲಸಕ್ಕೆ ಹೋದ ಮೇಲೆ ಕಪಾಟಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೆ. ಹಾಡು ತಲೆಯೊಳಗೆ. ಹೊರಗಿನವರಿಗೆ ಕಾಣುವುದು ಕೈ ಬೀಸುವುದು, ತಲೆ ಕುಣಿಸುವುದು, ಯಾರನ್ನೋ ಗದರುವಂತೆ ಬೆರಳು ತೋರಿಸುವುದು, ಇಷ್ಟೇ. ಹಾಲಿನವಳು ಒಂದು ದಿನ ಕಿಟಕಿಯಿಂದ ನೋಡಿದಳು. ಸಂಜೆಯೊಳಗೆ ಸಾಲುಮನೆಗಳಿಗೆಲ್ಲ ಸುದ್ದಿಯಾಯಿತು.

ಮರುದಿನ ಬೆಳಿಗ್ಗೆ ಹಿಂದಿನ ಸಾಲಿನ ಗಿರಿಜಮ್ಮ ಬಂದರು. ಅವರ ಯಜಮಾನರು ಕಾರ್ಖಾನೆಯಲ್ಲಿ ಫೋರ್‌ಮನ್. ಮನೆಯಲ್ಲಿ ಶುಕ್ರವಾರದ ಭಜನಾ ಮಂಡಳಿ ನಡೆಸುತ್ತಿದ್ದುದು ಗಿರಿಜಮ್ಮ. ಹಣೆಯಲ್ಲಿ ಮೂರೆಳೆ ವಿಭೂತಿ, ಕೈಯಲ್ಲಿ ಒಂದು ನಿಂಬೆಹಣ್ಣು.

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಯಾವಾಗಿಂದ ಹಿಂಗೆ?"

"ಏನ್ ಯಾವಾಗಿಂದ ರೀ?"

"ಅದೇ, ಮೈಮೇಲೆ ಬರೋದು."

ನನಗೆ ನಗು ಬಂತು. "ನನ್ನ ಮೈಮ್ಯಾಲೆ ಏನೂ ಬಂದಿಲ್ಲರಿ. ನಾ ಪ್ರಾಕ್ಟೀಸ್ ಮಾಡಾಕತ್ತಿದ್ದೆ."

"ಎಲ್ರೂ ಹಂಗೇ ಅನ್ನೋದು," ಎಂದು ನಿಂಬೆಹಣ್ಣನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ನನ್ನ ಕಸುಬನ್ನು ತಿಳಿಸಿ ಹೇಳಲು ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಬೇಕಾಯಿತು. ಅವರು ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ನಿನ್ನೆ ಹಾಡ್ತಿದ್ದೋರು ಯಾರು?" ಎಂದರು.

"ಯಾರೂ ಇಲ್ಲರಿ. ಅದಾರ ಅಂದ್ಕೊಂಡು ಮಾಡೂದು."

ಹೇಳುವಾಗ ನಗುತ್ತಲೇ ಹೇಳಿದೆ, ಹೇಳಿ ಮುಗಿಸುವಷ್ಟರಲ್ಲಿ ಅಳುತ್ತಿದ್ದೆ. ಊರು ಬಿಟ್ಟು ಬಂದ ಮೇಲೆ ಅತ್ತದ್ದು ಅದೇ ಮೊದಲು. ಗಿರಿಜಮ್ಮನಿಗೆ ಅಳು ನೋಡಿ ಗಾಬರಿಯೇನೂ ಆಗಲಿಲ್ಲ. "ಹಾಡೋರು ಬೇಕು, ಅಷ್ಟೇ ತಾನೆ? ಶುಕ್ರವಾರ ನಮ್ಮನೆಗೆ ಬನ್ನಿ ಮಾರಾಯ್ತಿ. ಹಾಡೋರಿಗೇನು ಬರಗಾಲ," ಎಂದರು. ಹೋಗುವಾಗ ನಿಂಬೆಹಣ್ಣನ್ನು ಮಾತ್ರ ವಾಪಸು ಒಯ್ಯಲಿಲ್ಲ. ಇರಲಿ, ಯಾವುದಕ್ಕೂ ಒಳ್ಳೆಯದು ಎಂದರು.

ಮೊದಲು ಹೇಳಿದೆನಲ್ಲ ಕೈ ಎತ್ತಿದ ಕಥೆ, ಅದು ಆ ಶುಕ್ರವಾರದ್ದು. ನನ್ನನ್ನು ನೋಡುವುದನ್ನು ಅವರಿಗೆ ಕಲಿಸಲು ಒಂದು ಮಳೆಗಾಲವೇ ಹಿಡಿಯಿತು. ತಾಳ ಹಾಕುವುದು ಹಾಡಿನ ಜೊತೆಗೆ ನಡೆಯುವ ಕೈ. ಎಲ್ಲರದೂ ಅವರವರ ಬಳಿಯೇ ಇರುತ್ತದೆ. ಎಲ್ಲರ ತಾಳವನ್ನೂ ಒಬ್ಬಳೇ ಕಿತ್ತುಕೊಂಡು ಮುಂದೆ ನಿಲ್ಲುವುದು ಅವರಿಗೆ ಸ್ವಲ್ಪ ಅಹಂಕಾರದಂತೆಯೇ ಕಂಡಿತು. ಗಿರಿಜಮ್ಮ ಬಾಯಿಬಿಟ್ಟು ಹೇಳಿಯೂಬಿಟ್ಟರು. ಆದರೂ ಬಿಡಲಿಲ್ಲ, ಕಲಿತರು. ಕೈ ತೆಳುವಾಗಿ ಆಡಿಸಿದರೆ ಮೆಲ್ಲಗೆ ಹಾಡುವುದು ಅವರಿಗೆ ಆಟದಂತೆ ಹಿಡಿಸಿತು.

ಆ ಹೊತ್ತಿಗೇ ಮಿಸೆಸ್ ಡಿಮೆಲ್ಲೊ ಶ್ರೀಧರನ ಆಫೀಸಿಗೆ ಫೋನ್ ಮಾಡಿ ಹೇಳಿಕಳಿಸಿದರು. ಮೊಣಕಾಲು ನೋವು, ಇನ್ನು ಹೆಚ್ಚು ಹೊತ್ತು ನಿಲ್ಲಲಾರರು, ಕ್ವಾಯರನ್ನು ಬೇರೆಯವರಿಗೆ ಒಪ್ಪಿಸಬೇಕು. ಕಮಿಟಿಯವರ ಮುಂದೆ ಇನ್ನಿಬ್ಬರ ಹೆಸರೂ ಇದೆ. ನಾನೇ ಕಟ್ಟಿದ ಹೊಸ ಹಾಡೊಂದನ್ನು ನಾನೇ ಹಾಡಿಸಿ, ಕ್ಯಾಸೆಟ್ ಮಾಡಿ ಬೇಸಿಗೆಯೊಳಗೆ ಕಳಿಸಬೇಕು. ಸಂಗೀತದ ಊರಿನಿಂದ ದೂರ ಹೋದವಳ ಕೈಯಲ್ಲಿ ಇನ್ನೂ ಏನಾದರೂ ಉಳಿದಿದೆಯೇ ಎಂದು ಅವರಿಗೆ ನೋಡಬೇಕಿತ್ತು. ನಿಜ ಹೇಳಬೇಕೆಂದರೆ ನನಗೂ ನೋಡಬೇಕಿತ್ತು.

ಹಾಡು ಕಟ್ಟಿದೆ. ಮೂರೇ ಪದ್ಯ, ಮಾತು ಸರಳ, ಬೆಳಗಿನ ಹೊತ್ತು ಭದ್ರೆಯ ಮೇಲೆ ಏಳುವ ಮಂಜಿನದು. ಎರಡು ಗುಂಪು. ಕೆಳಗಿನ ಗುಂಪು ಷಡ್ಜದ ಸುತ್ತ ನಿಂತಿರುವಾಗ ಮೇಲಿನ ಗುಂಪು ಗಾಂಧಾರದ ಸುತ್ತ ನಡೆಯಬೇಕು. ಒಂದೇ ಹೊತ್ತಿಗೆ ಎರಡು ಸ್ವರ. ಇದನ್ನು ಹಾರ್ಮನಿ ಎನ್ನುತ್ತಾರೆ, ಕ್ವಾಯರುಗಳ ಬಾಳೆಲ್ಲ ಇದರ ಮೇಲೆಯೇ ನಿಂತಿದೆ. ಕೆಳಗಿನ ಗುಂಪಿಗೆ ಗಿರಿಜಮ್ಮ ಆಧಾರ. ಮೇಲಿನ ಗುಂಪಿಗೆ ಪಕ್ಕದ ಮನೆಯ ಸೆಲ್ವಿ. ಅವಳ ಅಜ್ಜ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. ಅವಳ ದನಿ ಗಂಟೆಯಂತೆ ಸ್ವಚ್ಛ, ಕನ್ನಡ ಅರ್ಧ ತಮಿಳು.

ಬೇರೆ ಬೇರೆಯಾಗಿ ಹಾಡಿಸಿದರೆ ಎರಡು ಗುಂಪೂ ಬಂಗಾರ. ಒಟ್ಟಿಗೆ ಹಾಡಿಸಿದರೆ ಒಂದು ಸಾಲು ಮುಗಿಯುವುದರೊಳಗೆ ಎಲ್ಲರೂ ಒಂದೇ ಸ್ವರದಲ್ಲಿರುತ್ತಿದ್ದರು. ಮೇಲಿನವರು ಜಾರಿ ಕೆಳಗೆ ಬರುತ್ತಿದ್ದರು, ಇಲ್ಲವೇ ಕೆಳಗಿನವರು ಹತ್ತಿ ಮೇಲೆ ಹೋಗುತ್ತಿದ್ದರು. ಯಾಕೆ ಹೀಗೆ ಎಂದು ಸೆಲ್ವಿಯನ್ನು ಕೇಳಿದೆ.

"ಅಕ್ಕಾ, ನೀವು ಮೇಲೆ ಹೋಗು ಅಂದ್ರಿ, ಹೋದೆ. ಗಿರಿಜಮ್ಮ ಕೆಳಗಡೆ ಒಬ್ರೇ ಇದ್ದಾರಲ್ಲ, ಪಾವಂ!"

ಪಾವಂ ಎಂದರೆ ತಮಿಳಿನಲ್ಲಿ ಪಾಪ. ಗಿರಿಜಮ್ಮನದು ಇನ್ನೊಂದು ವಾದ. "ಪಕ್ಕದೋಳು ಬೇರೆ ಕಡೆ ಹೋಗ್ತಿದ್ರೆ ಕೇಳಿಸ್ದೇ ಇರೋ ಥರ ನಮ್ಮ ಪಾಡಿಗೆ ನಾವು ಹಾಡ್ಕೊಂಡಿರೋದಾ? ಅವ್ಳು ತಪ್ಪಿದ್ರೆ ನಾವ್ ಹೋಗಿ ಕರ್ಕೊಂಡ್ ಬರ್ಬೇಕು. ನಾವ್ ತಪ್ಪಿದ್ರೆ ಅವ್ಳು ಬರ್ತಾಳೆ. ಭಜನೆ ಅಂದ್ರೆ ಇಷ್ಟೇಯ."

ಇಬ್ಬರೂ ತಪ್ಪಿಲ್ಲ, ಇಬ್ಬರೂ ಸರಿಯೇ, ಬೇರೆ ಬೇರೆಯಾಗಿಯೇ ಇರಿ ಎಂದು ಗಂಟಲು ಹರಿದುಕೊಂಡೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದೆ, ನೆಗಡಿಯಾದ ಹಾಗಾಗುತ್ತದೆ ಎಂದು ತೆಗೆದೆಸೆದರು. ಒಂದು ಗುಂಪನ್ನು ಅಡುಗೆಮನೆಯಲ್ಲಿ, ಇನ್ನೊಂದನ್ನು ಹಜಾರದಲ್ಲಿ ಕೂರಿಸಿ ನಡುವಿನ ಬಾಗಿಲಲ್ಲಿ ನಾನು ನಿಂತೆ. ಅದು ನಡೆಯಿತು. ಆಮೇಲೆ ಪ್ರತಿ ವಾರ ಎರಡು ಗುಂಪನ್ನೂ ಸ್ವಲ್ಪ ಸ್ವಲ್ಪವೇ ಹತ್ತಿರ ತಂದೆ. ಜಗಳವಾಡಿದವರನ್ನು ರಾಜಿ ಮಾಡಿಸಿದಂತಲ್ಲ, ರಾಜಿಯಾದವರನ್ನು ದೂರ ಇರಲು ಪಳಗಿಸಿದಂತೆ. ಯುಗಾದಿಯ ಹೊತ್ತಿಗೆ ಮೂರೂ ಪದ್ಯ ಎರಡು ಸ್ವರದಲ್ಲಿ ನಿಂತವು. ಆ ದಿನ ನಾನು ಮನೆಗೆ ಬಂದು ಶ್ರೀಧರನ ಕೈ ಹಿಡಿದು ಕುಣಿದೆ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ರಫೀಕ್ ಎಂಬುವರ ಸಣ್ಣ ಸ್ಟುಡಿಯೊ ಇತ್ತು. ಮಕ್ಕಳು ಶಾಲೆಯಿಂದ ಬರುವುದರೊಳಗೆ ವಾಪಸಾಗಬೇಕೆಂದು ಬೆಳಗಿನ ಬಸ್ಸಿಗೇ ಎಲ್ಲರೂ ಹೊರಟೆವು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಮದುವೆಯ ದಿಬ್ಬಣದಂತೆ. ಕ್ಯಾಸೆಟ್ಟಿನಲ್ಲಿ ಸೀರೆ ಕಾಣುವುದಿಲ್ಲ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮಾಚೇನಹಳ್ಳಿ ದಾಟುವಾಗ ಗಿರಿಜಮ್ಮ ನನ್ನ ಕಡೆ ಬಾಗಿ, ಕ್ಯಾಸೆಟ್ಟಿನ ಮೇಲೆ "ಗಿರಿಜಮ್ಮ ಮತ್ತು ಸಂಗಡಿಗರು" ಎಂದು ಬರೆಸಬೇಕು, ಮರೆಯಬಾರದು ಎಂದರು. ಅವರಿಗೆ ಎರಡು ದಿನದಿಂದ ಕೆಮ್ಮಿತ್ತು. ಬಾಯಲ್ಲಿ ಲವಂಗ ಇಟ್ಟುಕೊಂಡೇ ಮಾತಾಡುತ್ತಿದ್ದರು.

ನಮ್ಮ ತಾಲೀಮು ಕೇಳಿದ ರಫೀಕ್ ಭಾಯಿ, "ಎರಡು ಪಾರ್ಟೂ ಒಟ್ಟಿಗೆ ಯಾಕೆ ಮೇಡಂ? ಅರ್ಧ ಜನ ಈಗ, ಅರ್ಧ ಜನ ಆಮೇಲೆ. ನಾನ್ ಜೋಡಿಸಿಕೊಡ್ತೀನಿ. ಒಂದ್ ಮಿಸ್ಟೇಕೂ ಇರಲ್ಲ, ಖಲಾಸ್," ಎಂದರು. ಸುಳ್ಳೇಕೆ, ನನಗೆ ಆಸೆಯಾಯಿತು. ನನ್ನ ಮುಂದಿನ ಬದುಕು ಆ ಕ್ಯಾಸೆಟ್ಟಿನಲ್ಲಿತ್ತು.

ಗಿರಿಜಮ್ಮ ಲವಂಗ ಆಚೆ ಸರಿಸಿ ಕೇಳಿದರು. "ಅಂದ್ರೆ ಇವ್ರು ಹಾಡುವಾಗ ನಾವು ಬಾಗ್ಲಲ್ಲಿ ಚಪ್ಪಲಿ ಕಾಯ್ಕೊಂಡು ನಿಂತಿರ್ಬೇಕಾ? ಅದಕ್ಕೆ ರೇಷ್ಮೆ ಸೀರೆ ಉಟ್ಕೊಂಡ್ ಬರ್ಬೇಕಿತ್ತಾ?"

ನಾನು ಒಟ್ಟಿಗೇ ಹಾಡಿಸಿದೆ. ಅವರ ಮಾತಿಗಾಗಿ ಮಾತ್ರವಲ್ಲ. ಎರಡು ತುಂಡು ಜೋಡಿಸಿದರೆ ಅದು ರಫೀಕ್ ಭಾಯಿಯ ಕೈಚಳಕ, ನಾನು ಹಾಡಿಸಿದ್ದಲ್ಲ. ಮೊದಲ ಪದ್ಯ ಸರಿಯಾಗಿ ಹೋಯಿತು. ಎರಡನೆಯದು ಅದಕ್ಕಿಂತ ಚೆನ್ನಾಗಿ. ಮೂರನೆಯದರ ನಡುವೆ ಗಿರಿಜಮ್ಮನಿಗೆ ಕೆಮ್ಮು ಒತ್ತರಿಸಿ ಬಂತು. ಕೆಮ್ಮಲಿಲ್ಲ, ತಡೆದರು. ಮುಖ ಕೆಂಪಾಯಿತು, ದನಿ ನಡುಗಿ ಸಣ್ಣದಾಯಿತು. ಅವರನ್ನೇ ನಂಬಿದ್ದ ಕೆಳಗಿನ ಗುಂಪು ಆಧಾರ ತಪ್ಪಿ ಅಲ್ಲಾಡಿತು. ಸೆಲ್ವಿಯ ಕಣ್ಣು ನನ್ನ ಕೈ ಬಿಟ್ಟು ಗಿರಿಜಮ್ಮನ ಕಡೆ ಹೋಯಿತು. ನಾನು ಎಡಗೈಯಲ್ಲಿ ಅಲ್ಲೇ ನಿಲ್ಲು, ಅಲ್ಲೇ ನಿಲ್ಲು ಎಂದೆ. ಅವಳು ನೋಡಲಿಲ್ಲ. ಗಾಂಧಾರ ಬಿಟ್ಟು, ಮೆಟ್ಟಿಲು ಇಳಿಯುವ ಹಾಗೆ ಇಳಿದು, ಗಿರಿಜಮ್ಮನ ಸ್ವರಕ್ಕೇ ತನ್ನ ದನಿಯ ಆಸರೆ ಕೊಟ್ಟಳು. ಅವಳ ಹಿಂದೆ ಮೇಲಿನ ಗುಂಪಿನವರೆಲ್ಲ ಒಬ್ಬೊಬ್ಬರಾಗಿ ಇಳಿದು ಬಂದರು. ಕೊನೆಯ ಎರಡು ಸಾಲು ಎಲ್ಲರೂ ಒಂದೇ ಸ್ವರ.

ತಿಂಗಳುಗಟ್ಟಲೆ ಕಟ್ಟಿದ್ದು ಕಣ್ಣೆದುರೇ ಕುಸಿಯಿತು. ನಿಲ್ಲಿಸಬೇಕಿತ್ತು. ಆದರೆ ನನ್ನ ಕೈ ನಿಲ್ಲಲಿಲ್ಲ, ಯಾಕೆಂದರೆ ಅಷ್ಟು ಚೆಂದದ ಒಂದು ಸ್ವರವನ್ನು ನಾನು ಯಾವ ಕ್ವಾಯರಿನಿಂದಲೂ ಕೇಳಿರಲಿಲ್ಲ. ಇನ್ನೊಮ್ಮೆ ಹಾಡಿಸಲು ಗಿರಿಜಮ್ಮನಿಗೆ ದನಿಯೇ ಉಳಿದಿರಲಿಲ್ಲ. ಅದನ್ನೇ ಕಳಿಸಿದೆ.

ಶಾಪಿಂಗ್ ಕಾಂಪ್ಲೆಕ್ಸಿನ ಎಸ್‌ಟಿಡಿ ಬೂತಿನಿಂದ ಮೇಡಂಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು, "ಕೊನೆಯ ಪದ್ಯದಲ್ಲಿ ಎರಡು ದನಿ ಒಂದಾಗುತ್ತದಲ್ಲ, ಅದನ್ನು ಹೇಗೆ ಬರೆದೆ?" ಎಂದು. ನಾನು ಬರೆದದ್ದಲ್ಲ, ಅವರೇ ಹಾಗೆ ಮಾಡಿಬಿಟ್ಟರು ಎಂದೆ. ಮೀಟರಿನ ಅಂಕಿ ಓಡುತ್ತಿತ್ತು. "ಅದನ್ನು ಇಲ್ಲಿಯವರಿಂದಲೂ ಮಾಡಿಸು. ಬಾ," ಎಂದರು.

ಮಳೆಗಾಲ ಮುಗಿದಾಗಿನಿಂದ ಕ್ರಿಸ್‌ಮಸ್‌ವರೆಗೆ ಅಲ್ಲಿ, ಉಳಿದ ತಿಂಗಳು ಇಲ್ಲಿ ಎಂದು ಶ್ರೀಧರನೂ ನಾನೂ ಕಮಿಟಿಯೂ ಒಪ್ಪಿಕೊಂಡೆವು. ಹೋದೆ. ಮತ್ತೆ ಕೈ ಎತ್ತಿದೆ, ಕಣ್ಣುಗಳೆಲ್ಲ ಬಂದು ನಿಂತವು. ನಾಲ್ಕು ಭಾಗದ ಹಾರ್ಮನಿ ಮೊದಲ ದಿನವೇ ಕಲ್ಲಿನಂತೆ ನಿಂತಿತು. ಆ ಸಂತೋಷವನ್ನು ನಾನು ಕಡಿಮೆ ಮಾಡಿ ಹೇಳಲಾರೆ. ನನ್ನ ಕೈಗೆ ಜೀವ ಬಂದಿತ್ತು. ಆದರೆ ಭದ್ರೆಯ ಹಾಡಿನ ಕೊನೆಯ ಪದ್ಯಕ್ಕೆ ಬಂದಾಗ ಕೆಲಸ ಕೆಟ್ಟಿತು. ಇಂಥ ಎಣಿಕೆಗೆ ಇಳಿಯಿರಿ ಎಂದರೆ ಎಲ್ಲರೂ ಅದೇ ಎಣಿಕೆಗೆ, ಕವಾಯತಿನವರಂತೆ, ಒಟ್ಟಿಗೆ ಇಳಿದರು. ಹಾಗಲ್ಲ, ಪಕ್ಕದವರು ಸೋಲುತ್ತಿದ್ದಾರೆ ಅನ್ನಿಸಿದಾಗ ನೀವಾಗಿಯೇ ಹೋಗಿ ಎಂದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹಳೆಯ ಗಾಯಕಿಯೊಬ್ಬಳು ನಕ್ಕು, "ಪಕ್ಕದವರ ದನಿಯನ್ನು ಕೇಳಿಸಿಕೊಳ್ಳಬೇಡ ಅಂತ ಇಷ್ಟು ವರ್ಷ ನೀನೇ ಅಲ್ಲವೇ ನಮಗೆ ಹೇಳಿಕೊಟ್ಟದ್ದು?" ಎಂದಳು. ಹೌದು, ನಾನೇ. ಕಛೇರಿಯ ದಿನ ಆ ಭಾಗ ಅಚ್ಚುಕಟ್ಟಾಗಿ ಬಂತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಬಾಗಿ ನಮಸ್ಕಾರ ಮಾಡುತ್ತ, ಇದು ಅದಲ್ಲ ಎಂದುಕೊಳ್ಳುತ್ತಿದ್ದೆ.

ಜನವರಿಯಲ್ಲಿ ಕಾಗದನಗರಕ್ಕೆ ಬಂದೆ. ಬಸ್ಸಿಳಿದಾಗ ಮೂಗಿಗೆ ವಾಸನೆ ಬಡಿಯಿತು. ಮತ್ತೆ ಹೊಸಬಳಾಗಿದ್ದೆ.

ಶುಕ್ರವಾರ ಗಿರಿಜಮ್ಮನ ಮನೆಗೆ ಹೋದೆ. ಅವರಿಗೆ ಎಲ್ಲ ವಿವರವಾಗಿ ಬೇಕು. ಎಷ್ಟು ಜನ, ಯಾವ ಬಣ್ಣದ ಬಟ್ಟೆ, ತಮ್ಮ ಹೆಸರನ್ನು ಅಲ್ಲಿ ಹೇಳಿದೆನೋ ಇಲ್ಲವೋ. ಹೇಳಿದೆ ಎಂದಾಗ ಸೆಲ್ವಿಯ ಕಡೆ ನೋಡಿ ತಲೆ ಎತ್ತಿದರು. ಅಲ್ಲಿಯವರಿಗೆ ಕೊನೆಯ ಪದ್ಯ ಬರಲಿಲ್ಲ ಎಂದೂ ಹೇಳಿದೆ.

"ಅಲ್ಲಿ ನಿಮ್ ಪಕ್ಕ ಯಾರ್ ಇರ್ತಾರೆ?" ಎಂದು ಕೇಳಿದರು.

"ನನ್ನ ಪಕ್ಕ ಯಾರೂ ಇರೂದಿಲ್ಲರಿ. ನಾ ಎದುರಿಗೆ ನಿಂದರ್ತೀನಿ."

"ಅಷ್ಟ್ ದೊಡ್ಡ ಊರಲ್ಲಿ ಒಬ್ಳೇನಾ? ಅಯ್ಯೋ ಮಾರಾಯ್ತಿ!" ಎಂದು ಜಮಖಾನದ ಮೇಲೆ ಸರಿದು ಜಾಗ ಮಾಡಿದರು. "ಇವತ್ತು ನಿಂತ್ಕೊಳ್ಳೋದೂ ಬೇಡ, ಕೈ ಆಡಿಸೋದೂ ಬೇಡ. ಬಾ, ಕೂತ್ಕೊ."

ಅವರು ನನಗೆ ಏಕವಚನ ಬಳಸಿದ್ದು ಅದೇ ಮೊದಲ ಸಲ. ಅವರಿಗೂ ಸೆಲ್ವಿಗೂ ನಡುವೆ ಕೂತೆ. ಇಬ್ಬರ ಮೊಣಕಾಲೂ ನನ್ನ ಮೊಣಕಾಲಿಗೆ ತಗಲುತ್ತಿದ್ದವು. ಅವರದೇ ಹಳೆಯ ಭಜನೆ, ಎಲ್ಲರಿಗೂ ಒಂದೇ ಸ್ವರ. ಹಾರ್ಮೋನಿಯಂ ಶ್ರುತಿ ಕೊಟ್ಟಿತು, ಹಾಡು ಶುರುವಾಯಿತು, ನಾನೂ ಬಾಯಿ ತೆರೆದೆ. ಎರಡನೆಯ ಸಾಲಿಗೆ ನನಗೆ ತಿಳಿಯಿತು. ಮೂರು ತಿಂಗಳು ಬೇರೆಯಾಗಿ ನಿಲ್ಲುವುದನ್ನೇ ಕಲಿಸಿ ಬಂದ ನನ್ನ ಗಂಟಲು ತನ್ನಷ್ಟಕ್ಕೆ ಮೇಲೆ ಹೋಗಿ ಗಾಂಧಾರ ಹಿಡಿದು ನಿಂತಿತ್ತು. ಅಷ್ಟು ಜನರ ನಡುವೆ ನಾನೊಬ್ಬಳೇ ಅಲ್ಲಿ. ನಾಚಿಕೆಯಾಗಿ ಸರಕ್ಕನೆ ಕೆಳಗಿಳಿದೆ.

ಅಷ್ಟರಲ್ಲಿ ಸೆಲ್ವಿಗೆ ಕೇಳಿಸಿಬಿಟ್ಟಿತ್ತು, ಗಿರಿಜಮ್ಮನಿಗೂ ಕೇಳಿಸಿಬಿಟ್ಟಿತ್ತು, ಸಾಲಿನವರಿಗೆಲ್ಲ ಕೇಳಿಸಿಬಿಟ್ಟಿತ್ತು. ನಾನು ಅವರ ಸ್ವರಕ್ಕೆ ಇಳಿಯುವ ಹೊತ್ತಿಗೆ ಅವರೆಲ್ಲ ನನ್ನ ಸ್ವರಕ್ಕೆ ಹತ್ತಿದ್ದರು.